ಬ್ಯಾಗ್ ಸುರಿದು ನೋಡಿದರು, ಮಗಳ ಡೈರಿ ಓದಿದರು. ಶನಿವಾರದ ಸಭೆಯಲ್ಲಿ ಏನು ಕೇಳಲಿ?

ಒಂಬತ್ತನೇ ಕ್ಲಾಸಿನ ಅಮ್ಮ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮಗಳು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಶಾಲೆಯ ಹೆಸರು ಬೇಡ. ಹೋದ ಗುರುವಾರ ಮೂರನೇ ಪೀರಿಯಡ್‌ಗೆ ಇಬ್ಬರು ಟೀಚರ್ ಬಂದು ಎಲ್ಲರನ್ನೂ ಬೆಂಚಿನ ಪಕ್ಕ ನಿಲ್ಲಿಸಿದರಂತೆ. ಯಾರೋ ಮೊಬೈಲ್ ತಂದಿದ್ದಾರೆ ಅನ್ನೋ ಸುದ್ದಿ. ಒಬ್ಬೊಬ್ಬರ ಬ್ಯಾಗನ್ನೂ ಬೆಂಚಿನ ಮೇಲೆ ಸುರಿದರು. ನನ್ನ ಮಗಳ ಬ್ಯಾಗಿನಿಂದ ಪ್ಯಾಡ್ ಸುತ್ತಿಟ್ಟಿದ್ದ ಪೇಪರ್ ಪೊಟ್ಟಣ ಕೆಳಗೆ ಬಿತ್ತು. ಹುಡುಗರು ಪಕ್ಕದ ಸಾಲಲ್ಲೇ ಇದ್ದರು. ಆಮೇಲೆ ಒಂದು ನೋಟ್‌ಬುಕ್ ಸಿಕ್ಕಿತು. ಅವಳು ಡೈರಿ ಥರ ಬರೆಯೋದು ಅದರಲ್ಲಿ. ಒಬ್ಬ ಟೀಚರ್ ಅದನ್ನು ತೆರೆದು ಎರಡು ಸಾಲು ಗಟ್ಟಿಯಾಗಿ ಓದಿದರು. ಕ್ಲಾಸು ನಕ್ಕಿತು.

ಮೊಬೈಲ್ ಯಾರ ಬ್ಯಾಗಲ್ಲೂ ಸಿಗಲಿಲ್ಲ.

ನಿನ್ನೆ ವಾಟ್ಸ್ಆ್ಯಪ್‌ನಲ್ಲಿ ಸುತ್ತೋಲೆ ಬಂತು. 'ಮಕ್ಕಳ ಸುರಕ್ಷತೆಗಾಗಿ' ಜೂನ್‌ನಿಂದ ಪಾರದರ್ಶಕ ಬ್ಯಾಗ್ ಕಡ್ಡಾಯ, ಶಾಲೆಯಲ್ಲೇ ಕೊಳ್ಳಬೇಕು, 1,150 ರೂಪಾಯಿ. ಶನಿವಾರ ಪೋಷಕರ ಸಭೆ ಇದೆ. ಬ್ಯಾಗ್ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಹೀಗೆ ನೋಡಬಾರದು ಅಂತ ಹೇಳಬೇಕು. ಹೇಗೆ ಹೇಳಲಿ? ಜಾಸ್ತಿ ಮಾತಾಡಿದರೆ ಮಗಳಿಗೇ ತೊಂದರೆ ಆಗುತ್ತದೇನೋ ಅನ್ನೋ ಭಯವೂ ಇದೆ.

ಖಡಕ್ ಅಪ್ಪ

ಒಂದು ಮಾತು ನೇರವಾಗಿ ಹೇಳ್ತೀನಿ ಮೇಡಂ. ಶಾಲೆಗೆ ಹೋಗೋ ಮಕ್ಕಳಿಗೆ ಎಂಥ ಪ್ರೈವೆಸಿ? 2017ರಲ್ಲಿ ಗುರುಗ್ರಾಮದ ಶಾಲೆಯ ಶೌಚಾಲಯದಲ್ಲಿ ಎರಡನೇ ಕ್ಲಾಸಿನ ಮಗುವಿನ ಕತ್ತು ಕೊಯ್ದರು. 2025ರ ಆಗಸ್ಟ್‌ನಲ್ಲಿ ಅಹಮದಾಬಾದಿನಲ್ಲಿ ಎಂಟನೇ ಕ್ಲಾಸಿನ ಹುಡುಗ ಹತ್ತನೇ ಕ್ಲಾಸಿನವನಿಗೆ ಇರಿದ, ಆ ಹುಡುಗ ತೀರಿಹೋದ. ಅಂಥದ್ದೇನಾದರೂ ನಮ್ಮಲ್ಲಿ ಆದರೆ 'ಶಾಲೆಯವರು ಬ್ಯಾಗ್ ಯಾಕೆ ನೋಡಲಿಲ್ಲ' ಅಂತ ಮೊದಲು ಗೇಟಿನ ಮುಂದೆ ಕೂರೋದು ನಾವೇ.

ಡೈರಿ ಓದಿದ್ದು ತಪ್ಪು, ಒಪ್ಪಿದೆ. ಉಳಿದದ್ದು ಸರಿ.

ಹಿಂದಿನ ಬೆಂಚು

ನಾನು ಈಗ ಡಿಗ್ರಿ ಮೊದಲ ವರ್ಷ. ಹೈಸ್ಕೂಲಿನಲ್ಲಿ ಮೂರು ವರ್ಷ ಫೋನ್ ಒಯ್ದಿದ್ದೇನೆ, ಒಂದು ಸಲವೂ ಸಿಕ್ಕಿಬಿದ್ದಿಲ್ಲ. ಬ್ಯಾಗಲ್ಲಿ ಯಾರು ಇಡ್ತಾರೆ ಅಂಕಲ್? ಕಾಲುಚೀಲದಲ್ಲಿ, ಬೆಲ್ಟಿನ ಹಿಂದೆ, ಊಟದ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ. ಇಲ್ಲದಿದ್ದರೆ ಶಾಲೆ ಎದುರಿನ ಜೆರಾಕ್ಸ್ ಅಂಗಡಿ ಇದ್ದೇ ಇತ್ತು. ದಿನಕ್ಕೆ 10 ರೂಪಾಯಿ ಕೊಟ್ಟರೆ ಸಂಜೆವರೆಗೆ ಇಟ್ಕೊಂಡು, ಚಾರ್ಜೂ ಮಾಡಿ ಕೊಡುತ್ತಿದ್ದರು.

ಬ್ಯಾಗ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಿದ್ದವರು ಪಾಪದವರು. ಲವ್ ಲೆಟರ್ ಇಟ್ಟವರು, ಕ್ರಿಕೆಟ್ ಕಾರ್ಡ್ ಇಟ್ಟವರು, ಹುಣಸೆಹಣ್ಣು ಉಪ್ಪುಖಾರ ಇಟ್ಟವರು.

ಖಾಲಿ ಡಬ್ಬಿ

ಆ ಜೆರಾಕ್ಸ್ ಅಂಗಡಿ ಯಾವ ಏರಿಯಾ? ಸುಮ್ನೆ ಕೇಳಿದೆ. ಮಗ ಎಂಟನೇ ಕ್ಲಾಸು 😐

ಪಿಟಿ ಮೇಷ್ಟ್ರು

ಇದರಲ್ಲಿ ನಾನು ಆ ಕಡೆಯವನು. 16 ವರ್ಷದಿಂದ ದೈಹಿಕ ಶಿಕ್ಷಕ. ಬ್ಯಾಗ್ ನೋಡೋ ಕೆಲಸ ಯಾವಾಗಲೂ ನಮ್ಮ ತಲೆ ಮೇಲೇ ಬೀಳುತ್ತದೆ, ದನಿ ಜೋರಾಗಿದೆ ಅನ್ನೋ ಒಂದೇ ಕಾರಣಕ್ಕೆ.

2022ರ ನವೆಂಬರ್ ನೆನಪಿದೆಯಾ? ಮೊಬೈಲ್ ಹಾವಳಿ ಜಾಸ್ತಿ ಆಗಿದೆ ಅಂತ ಖಾಸಗಿ ಶಾಲೆಗಳ ಸಂಘ ಕ್ಯಾಮ್ಸ್ ಬ್ಯಾಗ್ ನೋಡಲು ಹೇಳಿತ್ತು. ಬೆಂಗಳೂರಿನ ಕೆಲವು ಶಾಲೆಗಳಲ್ಲಿ 8, 9, 10ನೇ ತರಗತಿಯ ಬ್ಯಾಗುಗಳಲ್ಲಿ ಕಾಂಡೋಮ್, ಗರ್ಭನಿರೋಧಕ ಮಾತ್ರೆ, ಸಿಗರೇಟು, ಲೈಟರ್, ವೈಟ್ನರ್ ಸಿಕ್ಕವು. ಹುಡುಕಿದ್ದು ಫೋನು, ಸಿಕ್ಕಿದ್ದು ಇವು. ಎರಡು ದಿನ ಟಿವಿಯಲ್ಲಿ ಅದೇ ಅದೇ. ಕೆಲವು ಶಾಲೆಯವರು ಪೋಷಕರನ್ನು ಕರೆಸಿ, ಕೌನ್ಸೆಲಿಂಗ್ ಮಾಡಿಸಿ ಅಂತ ಹೇಳಿ ಮಕ್ಕಳಿಗೆ 10 ದಿನದವರೆಗೆ ರಜೆ ಕೊಟ್ಟರು. ಅಮಾನತು ಮಾಡಲಿಲ್ಲ. ಅಷ್ಟು ವಿವೇಕ ತೋರಿಸಿದರು ಅಂತ ನನಗೆ ಸಮಾಧಾನ.

ಆಮೇಲೆ ನಮ್ಮ ಶಾಲೆಯಲ್ಲೂ ಶುರುವಾಯಿತು. ಲೆಕ್ಕ ಹೇಳ್ತೀನಿ ಕೇಳಿ. 1,200 ಮಕ್ಕಳು. ಒಂದು ಬ್ಯಾಗಿಗೆ ಎರಡು ನಿಮಿಷ ಅಂದರೂ 40 ಗಂಟೆ. ಎರಡು ನಿಮಿಷದಲ್ಲಿ ಮರ್ಯಾದೆಯಿಂದ ನೋಡಲು ಆಗೋದಿಲ್ಲ. ಅದಕ್ಕೇ ಸುರಿಯೋದು. ಕೆಟ್ಟ ಮನಸ್ಸಿನಿಂದ ಯಾರೂ ಸುರಿಯಲ್ಲ. ಪೀರಿಯಡ್ ಮುಗಿಯೋದರೊಳಗೆ 45 ಬ್ಯಾಗ್ ಮುಗಿಸಬೇಕು, ಅಷ್ಟೇ.

ಆದರೆ ಮೇಡಂ, ಫೋನಿನ ಭಯ ಸುಳ್ಳಲ್ಲ. ನಮ್ಮಲ್ಲಿ ಒಬ್ಬ ಟೀಚರ್ ಬೋರ್ಡಿನ ಮೇಲೆ ಬರೆಯುವಾಗ ಹಿಂದಿನಿಂದ ವಿಡಿಯೊ ತೆಗೆದು ಹಾಡು ಸೇರಿಸಿ ಹರಿಬಿಟ್ಟಿದ್ದರು. ಆ ಟೀಚರ್ ಒಂದು ವಾರ ಶಾಲೆಗೆ ಬರಲಿಲ್ಲ. ಅವರ ಖಾಸಗಿತನದ ಬಗ್ಗೆ ಯಾರೂ ಪೋಷಕರ ಸಭೆ ಕರೆಯಲಿಲ್ಲ.

ಒಂಬತ್ತನೇ ಕ್ಲಾಸಿನ ಅಮ್ಮ

ಸರ್, ನಿಮ್ಮ ಕೊನೆಯ ಮಾತು ನಿಜ. ಅದು ನನಗೆ ಹೊಳೆದಿರಲಿಲ್ಲ.

ಕರಿಕೋಟು

ವಕೀಲಿ ಮಾಡುತ್ತೇನೆ. ಕಾನೂನಿನ ಬಗ್ಗೆ ಕೇಳಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಕೇಳಿಲ್ಲ, ಆದರೂ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದಾಗ ಅವರಿಗೆ 80 ದಾಟಿತ್ತು. ಆ ತೀರ್ಪು ಶಾಲಾ ಬ್ಯಾಗಿನ ಬಗ್ಗೆ ಅಲ್ಲ. ಆದರೆ ಅದರಲ್ಲಿರುವ ಅಳತೆಗೋಲು ಇಲ್ಲಿಗೂ ಉಪಯೋಗಕ್ಕೆ ಬರುತ್ತದೆ. ನಿಯಮ ಇದೆಯಾ, ಸರಿಯಾದ ಉದ್ದೇಶ ಇದೆಯಾ, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮಾಡಿದ್ದಾರಾ? ಫೋನ್ ಹುಡುಕಲು ಬ್ಯಾಗ್ ತೆರೆಯಬೇಕು, ಸರಿ. ಡೈರಿಯ ಹಾಳೆಗಳ ಮಧ್ಯೆ ಫೋನ್ ಇರುವುದಿಲ್ಲ.

ನಿಮಗೆ ಇನ್ನೂ ನೇರವಾಗಿ ಬೇಕಾದದ್ದು ಎರಡು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ಅಲ್ಲ, ಮಾನಸಿಕ ಕಿರುಕುಳವನ್ನೂ ತಡೆಯುತ್ತದೆ. ಅದು 14 ವರ್ಷದವರೆಗೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ, ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುವಂಥದ್ದು. ಆದರೆ ಇದನ್ನೆಲ್ಲ ಸಭೆಯಲ್ಲಿ ಮೊದಲೇ ಬೀಸಬೇಡಿ. ಸೆಕ್ಷನ್ ನಂಬರ್ ಕೇಳಿದ ತಕ್ಷಣ ಆಡಳಿತ ಮಂಡಳಿಯವರು ತಮ್ಮ ವಕೀಲರಿಗೆ ಫೋನ್ ಮಾಡುತ್ತಾರೆ. ನಮ್ಮವರೇ ಯಾರಾದರೂ ಇರುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ.

ಕೇರಳದಲ್ಲಿ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲಿ, ಫೋನ್ ಹುಡುಕುವ ನೆಪದಲ್ಲಿ ಮಕ್ಕಳ ಮೈ ಮತ್ತು ಬ್ಯಾಗ್ ತಡಕಬೇಡಿ ಅಂತ ಹೇಳಿತು. ಅಗತ್ಯಕ್ಕೆ ಫೋನ್ ತರಬೇಕಾದವರು ಪೋಷಕರ ಒಪ್ಪಿಗೆ ಪಡೆದು ಸ್ವಿಚ್ ಆಫ್ ಮಾಡಿಟ್ಟುಕೊಳ್ಳಲಿ ಅಂತಲೂ ಹೇಳಿತು. ನಮ್ಮಲ್ಲಿ ದೂರು ಕೊಡಬೇಕು ಅಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು), ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವೆ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಖಡಕ್ ಅಪ್ಪ

ಹೀಗೆ ಹಕ್ಕು ಹಕ್ಕು ಅಂತಲೇ ಮಕ್ಕಳು ತಲೆ ಮೇಲೆ ಕೂತಿರೋದು. ನಮ್ಮ ಕಾಲದಲ್ಲಿ ಮೇಷ್ಟ್ರು ಜೇಬಿಗೇ ಕೈ ಹಾಕುತ್ತಿದ್ದರು.

ಹುಬ್ಬಳ್ಳಿ ಮಂದಿ

ನಿಮ್ಮ ಕಾಲದಾಗ ಜೇಬಿನ್ಯಾಗ ಏನಿತ್ರೀ ಅಣ್ಣಾರ, ಗೋಲಿ ಮತ್ತ ಶೇಂಗಾ 😄

ಅಜ್ಜಿಮನೆ

ನಾನು ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಖಡಕ್ ಅಪ್ಪನವರೇ, ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಗುರುಗ್ರಾಮದ ಕಥೆಯನ್ನು ಪೂರ್ತಿ ಹೇಳಿ. ಅಲ್ಲಿ ಪೊಲೀಸರು ಮೊದಲು ಹಿಡಿದದ್ದು ಬಸ್ ಕಂಡಕ್ಟರನ್ನು. ಆಮೇಲೆ ಸಿಬಿಐ ಬಂದು 11ನೇ ಕ್ಲಾಸಿನ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡಿತು. ಅವಸರದಲ್ಲಿ ಕೈಗೆ ಸಿಕ್ಕವನನ್ನು ಹಿಡಿಯುವ ಚಾಳಿ ಶಾಲೆಗಳಲ್ಲೂ ಇದೆ.

ನನ್ನದೇ ಒಂದು ಹೇಳುತ್ತೇನೆ. ಏಳನೇ ತರಗತಿಯಲ್ಲಿ ಒಂದು ಹುಡುಗಿಯ 200 ರೂಪಾಯಿ ಕಳೆಯಿತು. ನಾನೇ ನಿಂತು ಎಲ್ಲರ ಬ್ಯಾಗ್ ತೆಗೆಸಿದೆ. ಒಬ್ಬ ಹುಡುಗ ಬ್ಯಾಗ್ ಬಿಡಲೇ ಇಲ್ಲ, ಎದೆಗೆ ಒತ್ತಿ ಹಿಡಿದುಕೊಂಡ. ಇವನೇ ಅಂದುಕೊಂಡೆ. ಕಿತ್ತು ತೆಗೆದೆ. ನೋಟ್‌ಬುಕ್ ಹಾಳೆಯಲ್ಲಿ ಸುತ್ತಿದ ಬೇಯಿಸಿದ ಮೊಟ್ಟೆ ಇತ್ತು. ಬಿಸಿಯೂಟದಲ್ಲಿ ಕೊಟ್ಟದ್ದು. ಮನೆಯಲ್ಲಿ ಇನ್ನೂ ಶಾಲೆಗೆ ಸೇರದ ತಂಗಿ ಇದ್ದಳು. ಮಕ್ಕಳು 'ಮೊಟ್ಟೆ ಕಳ್ಳ' ಅಂತ ಕೂಗಿದರು. ಆ ಹೆಸರು ಅವನಿಗೆ ಎಷ್ಟು ದಿನ ಅಂಟಿಕೊಂಡಿತ್ತೋ. ಹಣ ಸಿಕ್ಕಿತಾ ಅಂತ ಕೇಳಬೇಡಿ, ಸಿಗಲಿಲ್ಲ.

ಅದಾದ ಮೇಲೆ ನಮ್ಮ ಶಾಲೆಯಲ್ಲಿ ರೂಢಿ ಬದಲಾಯಿಸಿದೆವು. ಕ್ಲಾಸಿಗೆ ಕ್ಲಾಸನ್ನೇ ನಿಲ್ಲಿಸುವುದಿಲ್ಲ. ಯಾರ ಮೇಲೆ ಯಾಕೆ ಅನುಮಾನ ಅಂತ ಮೊದಲು ನನಗೆ ಹೇಳಬೇಕು. ಮಗುವನ್ನು ಆಫೀಸಿಗೆ ಕರೆದು, ಇಬ್ಬರು ಶಿಕ್ಷಕರ ಮುಂದೆ, ಹೆಣ್ಣುಮಕ್ಕಳಾದರೆ ಇಬ್ಬರೂ ಹೆಂಗಸರೇ ಇದ್ದು, ಮಗು ತಾನೇ ಬ್ಯಾಗ್ ತೆರೆಯಬೇಕು. ನಾವು ಕೈ ಹಾಕುವುದಿಲ್ಲ. ಬಟ್ಟೆಯ ಸುದ್ದಿಗೆ ಹೋಗುವಂತೆಯೇ ಇಲ್ಲ. ಕಾಗದ ಪತ್ರ ಓದುವುದಿಲ್ಲ. ಏನು ಹುಡುಕಿದೆವು, ಏನು ಸಿಕ್ಕಿತು ಅಂತ ಒಂದು ಪುಸ್ತಕದಲ್ಲಿ ಬರೆದು ಅದೇ ದಿನ ಮನೆಗೆ ಹೇಳುತ್ತೇವೆ. ವಿಚಿತ್ರ ಏನೆಂದರೆ, ಹೀಗೆ ಬರೆಯಬೇಕು ಅಂದ ಮೇಲೆ ತಪಾಸಣೆಗಳೇ ಕಡಿಮೆಯಾದವು. ಬರೆಯುವ ಕೆಲಸ ಯಾರಿಗೆ ಬೇಕು!

ಪಿಟಿ ಮೇಷ್ಟ್ರು

ಅಮ್ಮಾ, ಬಟ್ಟೆಯ ಸುದ್ದಿ ಅಂದಿರಲ್ಲ, 2024ರ ಮಾರ್ಚ್ ನೆನಪಾಯಿತು. ಬಾಗಲಕೋಟೆ ಜಿಲ್ಲೆಯಲ್ಲಿ ಶಿಕ್ಷಕಿಯ 2,000 ರೂಪಾಯಿ ಕಾಣೆಯಾಯಿತು ಅಂತ ಎಂಟನೇ ತರಗತಿಯ ಹುಡುಗಿಯ ಬಟ್ಟೆ ತೆಗೆಸಿ ನೋಡಿದರು ಅನ್ನೋ ಆರೋಪ ಬಂತು. ಆ ಮಗು ಉಳಿಯಲಿಲ್ಲ. ಅವತ್ತು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಡಲ್ಲಾಸ್ ದೋಸೆ

ಪಾರದರ್ಶಕ ಬ್ಯಾಗಿನ ಬಗ್ಗೆ ನಾನು ಹೇಳಬಹುದು. ಅಮೆರಿಕದ ಡಲ್ಲಾಸಿನ ಸರ್ಕಾರಿ ಶಾಲೆಗಳಲ್ಲಿ 2022ರಲ್ಲಿ 6ರಿಂದ 12ನೇ ತರಗತಿಯವರಿಗೆ ಒಳಗಿನದು ಕಾಣುವ ಅಥವಾ ಬಲೆಯಂಥ ಬ್ಯಾಗ್ ಕಡ್ಡಾಯ ಮಾಡಿದರು. ಆ ವರ್ಷ ಮೇ 24ರಂದು ನಮ್ಮದೇ ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರ್ ಗುಂಡಿಗೆ ಸತ್ತಿದ್ದರು. ಆದರೆ ಅಲ್ಲಿ ಗುಂಡು ಹಾರಿಸಿದವನು ಬ್ಯಾಗ್ ಹೊತ್ತು ಕ್ಲಾಸಿಗೆ ಬಂದ ವಿದ್ಯಾರ್ಥಿಯಲ್ಲ. ಹೊರಗಿನಿಂದ ನುಗ್ಗಿದವನು. ನಮಗೆ ಗೊತ್ತಿಲ್ಲ ಅಂತಲ್ಲ. ಭಯ ಆದಾಗ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ, ಬ್ಯಾಗ್ ಕೈಗೆ ಸಿಗುತ್ತದೆ.

ಒಂದು ವಿಷಯ ಗಮನಿಸಿ. ಅದೇ ನಿಯಮದಲ್ಲಿ ಒಂದು ಪುಟ್ಟ ಚೀಲಕ್ಕೆ ವಿನಾಯಿತಿ ಇತ್ತು. ಸುಮಾರು ಐದೂವರೆ ಇಂಚು, ಎಂಟೂವರೆ ಇಂಚು. ಅದು ಪಾರದರ್ಶಕ ಆಗಿರಬೇಕಿರಲಿಲ್ಲ. ಹಣ, ಪ್ಯಾಡ್, ಫೋನ್ ಅದರಲ್ಲಿ. ಇಷ್ಟು ಬಿಗಿ ಇರೋ ಊರಲ್ಲೇ ಅಷ್ಟು ಜಾಗ ಬಿಟ್ಟಿದ್ದರು. ನಿಮ್ಮ ಶಾಲೆಯ ಸುತ್ತೋಲೆಯಲ್ಲಿ ಅದಿದೆಯಾ?

ಇನ್ನೊಂದು. ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 2018ರ ಫೆಬ್ರವರಿ 14ರಂದು 17 ಜನ ಸತ್ತರು. ಏಪ್ರಿಲ್‌ನಲ್ಲಿ ಆ ಶಾಲೆಯ ಮಕ್ಕಳಿಗೆ ಪಾರದರ್ಶಕ ಬ್ಯಾಗ್ ಕೊಟ್ಟರು. ಮಕ್ಕಳು ಅದಕ್ಕೆ 1.05 ಡಾಲರ್ ಅಂತ ಬೆಲೆ ಚೀಟಿ ನೇತುಹಾಕಿಕೊಂಡರು. ಬಂದೂಕು ಸಂಘದವರಿಂದ ಅಲ್ಲಿನ ಸೆನೆಟರ್‌ಗೆ ಬಂದ ಹಣವನ್ನು ರಾಜ್ಯದ ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಬೀಳುವ ಬೆಲೆ ಅಂತೆ ಅದು. ಮುಂದಿನ ಶೈಕ್ಷಣಿಕ ವರ್ಷಕ್ಕೆ ಆ ಬ್ಯಾಗ್ ಕೈಬಿಟ್ಟರು.

ಕರಿಕೋಟು

ಡಲ್ಲಾಸ್ ಅವರೇ, ನಿಮ್ಮಲ್ಲಿನ ಎರಡು ತೀರ್ಪು ನನಗೆ ಇಷ್ಟ. 1985ರಲ್ಲಿ ನ್ಯೂಜೆರ್ಸಿಯ 14 ವರ್ಷದ ಹುಡುಗಿಯ ಪರ್ಸ್ ಕೇಸು. ಶೌಚಾಲಯದಲ್ಲಿ ಸಿಗರೇಟು ಸೇದಿದಳು ಅಂತ ಪರ್ಸ್ ತೆಗೆಸಿದ್ದರು. ಸರಿಯಾದ ಅನುಮಾನ ಇದ್ದರೆ ಶಾಲೆ ನೋಡಬಹುದು ಎಂದಿತು ಕೋರ್ಟು. ಪೊಲೀಸರಿಗೆ ಬೇಕಾಗುವಷ್ಟು ಗಟ್ಟಿ ಕಾರಣ ಬೇಕಿಲ್ಲ. 2009ರದ್ದು ಅರಿಜೋನಾದ್ದು. 13 ವರ್ಷದ ಹುಡುಗಿಯ ಹತ್ತಿರ ನೋವಿನ ಮಾತ್ರೆ ಇದೆ ಅಂತ ಬ್ಯಾಗ್ ನೋಡಿದರು, ಸಿಗಲಿಲ್ಲ. ಆಮೇಲೆ ಒಳಉಡುಪಿನವರೆಗೂ ಹೋದರು. ಬ್ಯಾಗ್ ನೋಡಿದ್ದು ಸರಿ, ಮುಂದೆ ಹೋಗಿದ್ದು ತಪ್ಪು ಎಂದಿತು ಕೋರ್ಟು. ನಮ್ಮ ಕೋರ್ಟುಗಳನ್ನು ಅದು ಕಟ್ಟಿಹಾಕುವುದಿಲ್ಲ. ಆದರೆ ಎಲ್ಲಿ ನಿಲ್ಲಬೇಕು ಅನ್ನೋದು ಚೆನ್ನಾಗಿ ಕಾಣುತ್ತದೆ.

ತೀರ್ಥಹಳ್ಳಿ ಮಳೆ

ಕೋರ್ಟು ಕಚೇರಿ ಇರಲಿ, ಆ ಪ್ಲಾಸ್ಟಿಕ್ ಬ್ಯಾಗು ಒಂದು ಮಳೆಗಾಲ ತಡೆಯುತ್ತದಾ ಮಾರಾಯ್ರೆ? ನಮ್ಮ ಕಡೆ ಜೂನ್‌ನಲ್ಲಿ ಬಟ್ಟೆ ಬ್ಯಾಗೇ ಒಣಗುವುದಿಲ್ಲ. ಈ ಪ್ಲಾಸ್ಟಿಕ್ ಒಳಗೆ ಬೆವರುತ್ತದೆ. ಪುಸ್ತಕ ಎಲ್ಲ ಮುದ್ದೆ. ಬಿಸಿಲಿಗೆ ಹಳದಿಯಾಗಿ, ಹೊಲಿಗೆ ಹತ್ತಿರ ಬಿರುಕು ಬಿಡುತ್ತದೆ. ಆಮೇಲೆ ಮಳೆಗೆ ಅಂತ ಮೇಲೆ ಒಂದು ಕಪ್ಪು ಕವರ್ ಹಾಕ್ತಾರೆ. ಅಲ್ಲಿಗೆ ಪಾರದರ್ಶಕ ಮುಗೀತು.

ಖಾಲಿ ಡಬ್ಬಿ

ಭಾರದ ಬಗ್ಗೆಯೂ ಕೇಳಿ ಅಕ್ಕ. 2019ರಲ್ಲಿ ನಮ್ಮ ಸರ್ಕಾರದ ಆದೇಶ ಬಂದಿತ್ತು. 1 ಮತ್ತು 2ನೇ ತರಗತಿಗೆ ಎರಡು ಕೆಜಿ ಒಳಗೆ, 9 ಮತ್ತು 10ಕ್ಕೆ ನಾಲ್ಕರಿಂದ ಐದು ಕೆಜಿ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ. ನನ್ನ ಮಗನದ್ದು ತರಕಾರಿ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಆರೂವರೆ ಬಂತು. ಅಂಗಡಿಯವನು 'ಏನು ಹಾಕಿ ಕೊಡಲಿ' ಅಂದ. ಬ್ಯಾಗೊಳಗೆ ಏನಿದೆ ಅಂತ ಇಷ್ಟು ಆಸಕ್ತಿ ಇರೋ ಶಾಲೆ ಎಷ್ಟು ಇದೆ ಅಂತಲೂ ಒಮ್ಮೆ ನೋಡಲಿ.

ಹಿಂದಿನ ಬೆಂಚು

ಇನ್ನೊಂದು ಹೇಳಲಾ? ಪಾರದರ್ಶಕ ಬ್ಯಾಗ್ ಬಂದರೆ ಟೀಚರ್‌ಗಿಂತ ಮೊದಲು ನೋಡೋದು ಪಕ್ಕದವರು. ಯಾರದ್ದು ಹಳೇ ಪುಸ್ತಕ, ಯಾರ ಬ್ಯಾಗಲ್ಲಿ ಮಾತ್ರೆ, ಯಾರು ಮನೆಗೆ ಹೋಗುವಾಗ ರೇಷನ್ ಒಯ್ಯುತ್ತಾರೆ. ನನಗೆ ಹೈಸ್ಕೂಲಿನಲ್ಲಿ ಫಿಟ್ಸ್ ಮಾತ್ರೆ ಇತ್ತು. ಮೂರು ವರ್ಷ ಕಂಪಾಸ್ ಬಾಕ್ಸಿನ ತಳದಲ್ಲಿ ಇಟ್ಟಿದ್ದೆ. ಒಬ್ಬರೇ ಒಬ್ಬರು ಸರ್‌ಗೆ ಗೊತ್ತಿತ್ತು. ಸಾಕಾಗಿತ್ತು.

ಖಡಕ್ ಅಪ್ಪ

ಇದನ್ನು ಯೋಚಿಸಿರಲಿಲ್ಲ ತಮ್ಮ.

ಆದರೂ ಒಂದು ಪ್ರಶ್ನೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಮೇಲ್ ಬಂತಲ್ಲ. ನನ್ನ ಮಗಳನ್ನು ಕರೆದುಕೊಂಡು ಬರಲು ಹೆಲ್ಮೆಟ್ ಇಲ್ಲದೆ ಓಡಿದ್ದೆ. ಹುಸಿ ಅಂತ ಆಮೇಲೆ ಗೊತ್ತಾಯಿತು. ಅವತ್ತಿನ ಕೈ ನಡುಕ ಇನ್ನೂ ಹೋಗಿಲ್ಲ. ಅದಕ್ಕೇ ಹೀಗೆ ಮಾತಾಡ್ತೀನಿ.

ಪಿಟಿ ಮೇಷ್ಟ್ರು

ಅವತ್ತು ನಾವು ಮಕ್ಕಳನ್ನು ಬ್ಯಾಗ್ ಬಿಟ್ಟು ಮೈದಾನಕ್ಕೆ ಕರೆತಂದಿದ್ದೆವು ಸರ್. ಪೊಲೀಸರು ಬಂದು ಖಾಲಿ ಕೋಣೆಗಳನ್ನು ನೋಡಿದರು. ಒಂದು ನೋಟ್‌ಬುಕ್ಕನ್ನೂ ಯಾರೂ ಓದಲಿಲ್ಲ. ನಿಜವಾದ ತುರ್ತು ಇದ್ದಾಗ ಕೆಲಸ ಹಾಗೆ ನಡೆಯುತ್ತದೆ.

ಅಜ್ಜಿಮನೆ

ಒಂಬತ್ತನೇ ಕ್ಲಾಸಿನ ಅಮ್ಮ, ಒಂದು ಮಾತು ಕೇಳಲೇ? ಬೇಜಾರು ಬೇಡ. ಆ ಡೈರಿ ನೀವು ಓದಿದ್ದೀರಾ?

ಒಂಬತ್ತನೇ ಕ್ಲಾಸಿನ ಅಮ್ಮ

ಎರಡು ದಿನ ಉತ್ತರ ಬರೆಯಲು ಆಗಲಿಲ್ಲ.

ಓದಿದ್ದೇನೆ. ಹೋದ ವರ್ಷ, ಅವಳು ಸ್ನಾನಕ್ಕೆ ಹೋಗಿದ್ದಾಗ. ಭಾನುವಾರ ಊಟದ ಡಬ್ಬಿ ಹುಡುಕಲು ಬ್ಯಾಗ್ ತೆಗೆದೆ, ಕೈಗೆ ಸಿಕ್ಕಿತು. ನಾಲ್ಕು ಪುಟ ಓದಿದೆ. ನನ್ನ ಬಗ್ಗೆಯೂ ಇತ್ತು. ಇಟ್ಟುಬಿಟ್ಟೆ. ಅವಳಿಗೆ ಹೇಳಿರಲಿಲ್ಲ.

ನಿನ್ನೆ ರಾತ್ರಿ ಹೇಳಿದೆ. 'ಗೊತ್ತಿತ್ತು, ನೀನು ರಿಬ್ಬನ್ ಬೇರೆ ಪುಟದಲ್ಲಿ ಇಟ್ಟಿದ್ದೆ' ಅಂದಳು. ಇವತ್ತು ಬೆಳಿಗ್ಗೆ ನನ್ನ ಜೊತೆ ಮಾತಾಡಿಲ್ಲ. ಉಪ್ಪಿಟ್ಟು ತಿಂದು ಹೋದಳು.

ಹುಬ್ಬಳ್ಳಿ ಮಂದಿ

ಹೇಳಿದ್ರಲ್ಲ ಅಕ್ಕಾರ, ಅದು ದೊಡ್ಡದು. ತಿಂದು ಹೋಗ್ಯಾಳ ಅಂದ್ರ ಸಿಟ್ಟು ಅರ್ಧ ಇಳದದ.

ಒಂಬತ್ತನೇ ಕ್ಲಾಸಿನ ಅಮ್ಮ

ಸಭೆ ಮುಗೀತು. ಅಜ್ಜಿಮನೆಯವರ ರೂಢಿಯನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. 11 ಪೋಷಕರು ಸಹಿ ಹಾಕಿದರು. ಖಡಕ್ ಅಪ್ಪನಂಥವರು ನಮ್ಮ ಸಭೆಯಲ್ಲೂ ಮೂವರು ಇದ್ದರು, ಅವರಲ್ಲಿ ಒಬ್ಬರು ಸಹಿ ಹಾಕಿದವರೇ.

ಕ್ಲಾಸಿಗೆ ಕ್ಲಾಸನ್ನು ನಿಲ್ಲಿಸಿ ಬ್ಯಾಗ್ ಸುರಿಯುವುದಿಲ್ಲ ಅಂತ ಪ್ರಿನ್ಸಿಪಾಲರು ಒಪ್ಪಿದರು. ಬರೆದು ಕೊಡಿ ಅಂದೆ, 'ನೋಡೋಣ' ಅಂದರು. ಫೋನ್ ತರಲೇಬೇಕಾದವರಿಗೆ ಗೇಟಿನ ಹತ್ತಿರ ನಂಬರ್ ಹಾಕಿದ ಪೆಟ್ಟಿಗೆ ಇಡುತ್ತಾರಂತೆ. ಪುಟ್ಟ ಚೀಲದ ವಿಷಯ ಹೇಳಿದಾಗ ಆಡಳಿತ ಮಂಡಳಿಯವರೊಬ್ಬರು 'ಅದರಲ್ಲೇ ಎಲ್ಲ ಇಟ್ಟುಕೊಂಡರೆ' ಅಂದರು. 'ಇಟ್ಟುಕೊಳ್ಳಲಿ ಬಿಡಿ ಸರ್, ಅದಕ್ಕೇ ಅಲ್ವಾ' ಅಂತ ಒಬ್ಬರು ಟೀಚರೇ ಹೇಳಿದರು. ಪಾರದರ್ಶಕ ಬ್ಯಾಗ್ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. 600 ಬ್ಯಾಗಿಗೆ ಆರ್ಡರ್ ಕೊಟ್ಟಾಗಿದೆಯಂತೆ. ಆ ಮಾತು ಬಾಯಿ ತಪ್ಪಿ ಬಂತು.

ಡೈರಿ ಓದಿದ ಟೀಚರ್ ಸಭೆಗೆ ಬರಲಿಲ್ಲ. ಸೋಮವಾರ ಮಗಳನ್ನು ಸ್ಟಾಫ್ ರೂಮಿಗೆ ಕರೆದು 'ಸಾರಿ' ಅಂದರಂತೆ. ಓದಿದ್ದು ಕ್ಲಾಸಿನಲ್ಲಿ, ಸಾರಿ ಮಾತ್ರ ಸ್ಟಾಫ್ ರೂಮಿನಲ್ಲಿ ಅಂತ ಮಗಳು ಹೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತೀರ್ಥಹಳ್ಳಿ ಮಳೆ

600 × 1,150. ಲೆಕ್ಕ ಮಾಡಿ. 6,90,000. ಸುರಕ್ಷತೆ ಅಂತೆ!

ಖಾಲಿ ಡಬ್ಬಿ

ಅಕ್ಕ, ಸಹಿ ಹಾಕಿಸಿದ ಆ ಹಾಳೆಯ ಫೋಟೊ ಹಾಕ್ತೀರಾ? ಶಾಲೆ ಹೆಸರು ಮುಚ್ಚಿ. ಮುಂದಿನ ವಾರ ನಮ್ಮಲ್ಲೂ ಸಭೆ ಇದೆ. ಆ ಜೆರಾಕ್ಸ್ ಅಂಗಡಿಗೆ ಹೋಗಿ ಹತ್ತು ಪ್ರತಿ ತೆಗೆಸಬೇಕು.